ತಾರಾಬಾಯಿಯ ರವಿವಾರದ ವ್ರತ

ತಾರಾಬಾಯಿ ಹೆದರಿಸಿದರೆ ಮಕ್ಕಳು ಓಡಿಹೋಗುತ್ತಿರಲಿಲ್ಲ, ಇನ್ನಷ್ಟು ಹತ್ತಿರ ಸರಿದು ಕೂರುತ್ತಿದ್ದರು. ಈ ವಿದ್ಯೆ ಅವಳಿಗೆ ಬಂದದ್ದು ಖಾನಾಪುರದಲ್ಲಿ, ತವರುಮನೆಯ ಹಿತ್ತಿಲಲ್ಲಿ. ಹಿರಿಯ ಮಗಳು ಅವಳು. ತಾಯಿ ಒಲೆಯ ಮುಂದೆ ಕೂತಾಗ ತಮ್ಮ ತಂಗಿಯರನ್ನು ಹಿಡಿದಿಡುವ ಕೆಲಸ ಅವಳ ಪಾಲಿಗೆ ಬರುತ್ತಿತ್ತು. ಸುಮ್ಮನೆ ಬಿಟ್ಟರೆ ಅವು ಮಲಪ್ರಭೆಯ ಕಡೆ ಓಡುತ್ತಿದ್ದವು. ಅದಕ್ಕೇ ಅವಳು ಹೊಳೆಯ ಮಡುವಿನಲ್ಲೊಂದು ದೆವ್ವವನ್ನು ಇಟ್ಟಳು. ಕನ್ನಡದಲ್ಲಿ ಶುರುವಾದ ಆ ದೆವ್ವ, ನೆರೆಮನೆಯ ಮಕ್ಕಳು ಬಂದು ಕೂತೊಡನೆ ಮರಾಠಿ ಮಾತಾಡುತ್ತಿತ್ತು. ನೋಡಿದವರು ಹುಡುಗಿ ಆಡುತ್ತಾಳೆ ಎಂದುಕೊಂಡರು. ಆಡುತ್ತಲೇ ಅವಳು ಐದು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದಳು.

ಮದುವೆಯಾಗಿ ಬಂದದ್ದು ಬೆಳಗಾವಿಯ ಟಿಳಕವಾಡಿಗೆ, ರೈಲ್ವೆ ಗೇಟಿನ ಹತ್ತಿರದ ಒಂದು ಓಣಿಗೆ. ಗಂಡ ಧನ್ಯಕುಮಾರ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಕಾರಕೂನ. ಅತ್ತೆ ಶಾಂತಮ್ಮ ದಿನಾ ಬಸದಿಗೆ ಹೋಗುವವರು. ಮಗ ಜಿನದತ್ತ. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿಯಬೇಕು. ಮುಳುಗಿದ ಮೇಲೆ ಒಂದು ಶೇಂಗಾ ಕಾಳೂ ಬಾಯಿಗೆ ಹೋಗುವಂತಿಲ್ಲ. ಅದು ಧರ್ಮದ ಮಾತು, ತಾರಾಬಾಯಿಗೆ ಅದರ ಮೇಲೆ ಶ್ರದ್ಧೆಯಿತ್ತು. ಮನೆಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ರೊಟ್ಟಿ ಹಂಚಿನಿಂದ ನೇರ ತಾಟಿಗೆ ಬೀಳಬೇಕು, ಒಂದು ಮುಗಿದ ಮೇಲೆ ಇನ್ನೊಂದು, ಬಿಸಿಬಿಸಿ. ಮೊದಲು ಗಂಡ ಮತ್ತು ಮಗ, ಆಮೇಲೆ ಅತ್ತೆ, ಕೊನೆಗೆ ರೊಟ್ಟಿ ಬಡಿದವಳು. ಇದನ್ನು ಯಾವ ಶಾಸ್ತ್ರದಲ್ಲಿ ಬರೆದಿದೆ ಎಂದು ಯಾರೂ ಕೇಳಿರಲಿಲ್ಲ.

ಸಾವಿರದ ಒಂಬೈನೂರ ಎಂಬತ್ತಾರರ ಮಳೆಗಾಲದಲ್ಲಿ ಮನೆಗೆ ಟಿವಿ ಬಂತು. ಕಪ್ಪು ಬಿಳುಪಿನದು, ಕಟ್ಟಿಗೆಯ ಪೆಟ್ಟಿಗೆಗೆ ಸರಿಸುವ ಬಾಗಿಲು. ರವಿವಾರ ಸಂಜೆ ಐದೂವರೆಗೆ ಅದರಲ್ಲಿ ಒಂದು ಹಿಂದಿ ಧಾರಾವಾಹಿ ಶುರುವಾಯಿತು. ಆಕಾಶದಿಂದ ಒಂದು ಕಲ್ಲು ಬೀಳುತ್ತದೆ, ವಿಜ್ಞಾನಿಯೊಬ್ಬ ಅದನ್ನು ನೆಲಮಾಳಿಗೆಯಲ್ಲಿಟ್ಟು ಒಡೆಯುತ್ತಾನೆ, ಒಳಗಿನಿಂದ ಮುಖವಿಲ್ಲದ್ದೊಂದು ಹೊರಬರುತ್ತದೆ. ಮುಖವಿಲ್ಲದಿದ್ದರೇನು, ಅದಕ್ಕೆ ಎಲ್ಲರ ದನಿಯೂ ಬರುತ್ತಿತ್ತು. ತಾಯಿಯ ದನಿಯಲ್ಲಿ, ಅಣ್ಣನ ದನಿಯಲ್ಲಿ ಬಾಗಿಲ ಹೊರಗಿನಿಂದ ಕರೆಯುತ್ತಿತ್ತು. ಬಾಗಿಲು ತೆರೆದವರ ಮೇಲೆ ಒಂದು ಬೆಳಕು ಬೀಳುತ್ತಿತ್ತು. ಆಮೇಲೆ ಅವರು ಕಾಣುತ್ತಿರಲಿಲ್ಲ.

ಓಣಿಯ ಮಕ್ಕಳೆಲ್ಲ ಬಂದು ನೆಲದ ಮೇಲೆ ಒತ್ತಾಗಿ ಕೂರುತ್ತಿದ್ದರು. ಬಾಜೂಮನೆಯ ಚಂದ್ರವ್ವನ ಮಕ್ಕಳು ಕಾಂತಾ ಮತ್ತು ನಾಗಲಿಂಗ ಎಲ್ಲರಿಗಿಂತ ಮುಂದೆ. ಹಿಂದಿ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ತಾರಾಬಾಯಿ ಹೇಳುತ್ತಿದ್ದಳು, ದನಿ ಇಳಿಸಿ, ಬೇಕಾದಲ್ಲಿ ತನ್ನದನ್ನೂ ಸೇರಿಸಿ.

"ತಾರಾ ಕಾಕೂ, ಆ ಬೆಳಕ ಯಾವ ಬಣ್ಣದ್ದು?" ಎಂದು ಕಾಂತಾ ಒಮ್ಮೆ ಕೇಳಿದಳು.

"ಹಸರ," ಎಂದಳು ತಾರಾಬಾಯಿ, ನೋಡಿಬಂದವಳ ಹಾಗೆ. ಅಂದಿನಿಂದ ಆ ಓಣಿಯ ಎಲ್ಲ ಮಕ್ಕಳಿಗೂ ಆ ಬೂದು ಪರದೆಯ ಮೇಲೆ ಹಸಿರು ಕಂಡಿತು.

ಹೆದರಿಸಿದವಳೇ ಧೈರ್ಯವನ್ನೂ ಕೊಡಬೇಕಲ್ಲ. ಸಂಜೆ ಚಂದ್ರವ್ವ ಹೊರಗಿನಿಂದ "ಕಾಂತಾ, ಬಾರ" ಎಂದು ಕೂಗಿದರೆ ಹುಡುಗಿ ನಡುಗುತ್ತಿದ್ದಳು. ಕೂಗಿದ್ದು ಅವ್ವನೋ ಅದೋ? ತಾರಾಬಾಯಿ ಉಪಾಯ ಹೇಳಿಕೊಟ್ಟಳು. "ಅದಕ್ಕ ಎಲ್ಲಾರ ದನಿ ಬರತೈತಿ. ಆದರ ಮನ್ಯಾಗ ಏನ ಅಡಿಗಿ ಆಗೇತಿ, ಯಾರ ಉಂಡಾರ, ಯಾರ ಉಂಡಿಲ್ಲ ಅನ್ನೂದು ಅದಕ್ಕ ತಿಳಿಯೂದಿಲ್ಲ. ಕೇಳಿ ನೋಡ್ರಿ."

ಕಾಂತಾ ಬಾಗಿಲ ಸಂದಿಯಲ್ಲಿ ಬಾಯಿಟ್ಟು ಕೇಳಿದಳು. "ಇವತ್ತ ಏನ ಪಲ್ಯಾ?"

"ಬದನಿಕಾಯಿ. ಯಾಕ, ರಾಣ್ಯಾರಿಗೆ ನಡ್ಯಾಂಗಿಲ್ಲೇನು?"

ಅವ್ವ ಹೌದೆಂದು ಖಾತ್ರಿಯಾಯಿತು. ಮುಂದಿನ ವಾರ ಅವಳಪ್ಪ ಗುರುಪಾದಪ್ಪ ಕರೆಯಲು ಬಂದ. ಏನು ಪಲ್ಯ ಎಂದರೆ ಬಾಯಿ ಬಿಡುತ್ತ ನಿಂತ. ಮಕ್ಕಳು ಕಿರುಚಿ ಒಳಗಿನಿಂದ ಚಿಲಕ ಹಾಕಿಕೊಂಡರು. ಪಾಪ, ಅವನು ಮನೆಗೆ ಹೋಗಿ ಹೆಂಡತಿಯನ್ನು ಕೇಳಿಕೊಂಡು ಬರಬೇಕಾಯಿತು.

ಮಳೆಗಾಲದಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತು. ಧಾರಾವಾಹಿ ಮುಗಿದ ಮೇಲೂ ಬೆಳಕಿರುತ್ತಿತ್ತು, ರೊಟ್ಟಿ ಬಡಿದು ಬಡಿಸಿ ತಾನೂ ಉಂಡು ಎದ್ದರೆ ಹೊತ್ತು ಮುಳುಗುತ್ತಿತ್ತು. ದೀಪಾವಳಿ ಹತ್ತಿರ ಬಂದಂತೆ ಹಗಲು ಗಿಡ್ಡವಾಯಿತು. ಊಟದ ಹೊತ್ತು ಹಿಂದೆ ಸರಿದು ಧಾರಾವಾಹಿಯ ಹೊತ್ತಿಗೆ ಬಂದು ಡಿಕ್ಕಿ ಹೊಡೆಯಿತು. ಗಂಡ, ಮಗ, ಅತ್ತೆ ಟಿವಿ ಮುಂದೆಯೇ ತಾಟು ಹಿಡಿದರು. ತಾರಾಬಾಯಿ ಹಂಚಿನಿಂದ ಪಡಸಾಲೆಗೆ, ಪಡಸಾಲೆಯಿಂದ ಹಂಚಿಗೆ ಓಡಾಡಿದಳು. ಬಾಗಿಲು ತೆರೆದದ್ದು ಕಂಡರೆ ಬೆಳಕು ಬಿದ್ದದ್ದು ಕಾಣಲಿಲ್ಲ. "ಆಮ್ಯಾಲೇನಾತು?" ಎಂದರೆ ನಾಗಲಿಂಗ, "ಆಮ್ಯಾಲ ಅಂವ ಸತ್ತ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ. ಅಷ್ಟು ಕೆಟ್ಟದಾಗಿ ಕಥೆ ಹೇಳುವವರನ್ನು ಅವಳು ಕಂಡಿರಲಿಲ್ಲ.

ಎಲ್ಲರದಾದ ಮೇಲೆ ಅವಳಿಗೆ ಉಳಿಯುತ್ತಿದ್ದದ್ದು ಒಂದಿಷ್ಟೇ ಬೆಳಕು. ಅದರಲ್ಲಿ ಉಣ್ಣಬೇಕು, ಇಲ್ಲವೇ ಧಾರಾವಾಹಿಯ ಕೊನೆಯ ಭಾಗ ನೋಡಬೇಕು. ಮೊದಲ ರವಿವಾರ ಹಿಟ್ಟಿನ ಕೈಯಲ್ಲೇ ಬಂದು ಮಕ್ಕಳ ನಡುವೆ ಕೂತಳು. ಮುಗಿದಾಗ ಕಿಟಕಿ ಕಪ್ಪಾಗಿತ್ತು. ನೀರನ್ನೂ ಮುಟ್ಟದೆ ಮಲಗಿದಳು. ಎರಡನೆಯ ರವಿವಾರವೂ ಹಾಗೇ ಆಯಿತು.

ಅವಳ ತಾಟು ಮಗುಚಿದ್ದು ಮಗುಚಿಯೇ ಇರುವುದನ್ನು ಶಾಂತಮ್ಮ ಕಂಡರು, ಕಂಡು ಸಂತೋಷಪಟ್ಟರು. ಬಸದಿಯಲ್ಲಿ ಹೇಳಿಯೂ ಬಂದರು. "ನಮ್ಮ ಸೊಸಿ ರವಿವಾರದ ವ್ರತಾ ಹಿಡದಾಳ. ಬಾಯಿಬಿಟ್ಟ ಒಬ್ಬರಿಗೆ ಹೇಳಿಲ್ಲ ನೋಡ್ರಿ." ಇದು ತಾರಾಬಾಯಿಯ ಕಿವಿಗೂ ಬಿತ್ತು. ಆದರೂ ಅತ್ತೆಯನ್ನು ತಿದ್ದಲಿಲ್ಲ, ಯಾಕೆಂದರೆ ವ್ರತ ಹಿಡಿದವಳನ್ನು ಕೂತಲ್ಲಿಂದ ಯಾರೂ ಏಳಿಸುವುದಿಲ್ಲ. ಹದಿನೈದು ವರ್ಷ ಸಂಸಾರ ಮಾಡಿದವಳಿಗೆ ಸಂಜೆ ಕೂರಲು ಜಾಗ ಸಿಕ್ಕಿತ್ತು.

ನವೆಂಬರ ಮುಗಿಯುತ್ತ ಬಂತು. ಮುಂದಿನ ರವಿವಾರ ಕೊನೆಯ ಕಂತು ಎಂದು ಟಿವಿಯಲ್ಲಿ ಹೇಳಿದರು. ಅಂದಿನ ಕಂತು ಮುಗಿದೊಡನೆ ಅತ್ತೆ ಕೇಳಿದರು. "ತಾರಾ, ನಿಂದ ಯಾವಾಗ ಮುಗಿತೈತಿ?"

ಧಾರಾವಾಹಿಯ ಧ್ಯಾನದಲ್ಲಿದ್ದವಳು, "ಬರೂ ರವಿವಾರ, ಅತ್ಯಾರ" ಎಂದುಬಿಟ್ಟಳು.

ಶಾಂತಮ್ಮ ಅಂದೇ ಖಾನಾಪುರಕ್ಕೆ ಬೀಗರಿಗೆ ಹೇಳಿಕಳಿಸಿದರು, ಬಸದಿಯ ಹೆಂಗಸರನ್ನೂ ಕರೆದರು. ವ್ರತದ ಉದ್ಯಾಪನೆ, ರವಿವಾರ ಸಂಜೆ ಪೂಜೆ, ಪೂಜೆಯಾದೊಡನೆ ಹೊತ್ತಿನೊಳಗೆ ಎಲ್ಲರಿಗೂ ಊಟ. ತಾರಾಬಾಯಿ ಲೆಕ್ಕ ಹಾಕಿದಳು. ಆ ಮುಖವಿಲ್ಲದ್ದು ಬದುಕುತ್ತದೋ ಸಾಯುತ್ತದೋ ಎಂದು ಗೊತ್ತಾಗುವ ಹೊತ್ತಿಗೆ ತಾನು ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿರುತ್ತೇನೆ. ಅದೂ ಹಸಿದ ಹೊಟ್ಟೆಯಲ್ಲಿ, ತನ್ನದೇ ವ್ರತಕ್ಕಾಗಿ.

ಗುಟ್ಟು ರಟ್ಟಾದದ್ದು ಮಕ್ಕಳಿಂದ. ಮಾರನೆಯ ದಿನ, ಸೋಮವಾರ ಸಂಜೆ, ಧನ್ಯಕುಮಾರ ಕಾರ್ಖಾನೆಯಿಂದ ತಡವಾಗಿ ಬಂದು ಬಾಗಿಲು ಬಡಿದ. ಒಳಗೆ ಆಡುತ್ತಿದ್ದ ಜಿನದತ್ತ, ಕಾಂತಾ ಬಾಗಿಲಿಗೆ ಅಡ್ಡ ನಿಂತರು.

"ನಿನ್ನೆ ಕಾಕೂ ಏನ ಉಂಡ್ಳು? ಹೇಳಿದ್ರ ತಗೀತೀವಿ," ಎಂದಳು ಕಾಂತಾ.

"ಎಲ್ಲಾರೂ ಉಂಡಿದ್ದನ್ನ ಉಂಡಾಳ. ರೊಟ್ಟಿ, ಝುಣಕಾ. ತಗೀರಿ, ಕಾಲ ನೋವಾಗ್ಯಾವು."

"ತಪ್ಪ," ಎಂದು ಮಕ್ಕಳು ಕೂಗಿದರು. "ಅದಽ ಬಂದೈತಿ. ಕಾಕೂ ಉಂಡಿಲ್ಲ."

ಶಾಂತಮ್ಮ ನಗುತ್ತ ಬಂದು ಚಿಲಕ ತೆಗೆದರು. "ಆಕಿ ರವಿವಾರ ವ್ರತಾ ಹಿಡದಿದ್ದ ನಿನಗ ಗೊತ್ತಿಲ್ಲೇನೋ?"

"ಯಾವ ವ್ರತಾ? ನನಗ ಯಾರ ಹೇಳ್ಯಾರ?"

ಶಾಂತಮ್ಮನ ನಗು ನಿಂತಿತು. ಗಂಡನಿಗೂ ತಿಳಿಸದೆ ಹಿಡಿಯುವ ವ್ರತ ಯಾವುದು? ಸೊಸೆಯ ಕಡೆ ತಿರುಗಿದರು. "ಯಾರ ಮುಂದ ಹಿಡದಿ, ತಾರಾ? ಮುನಿಗಳ ಮುಂದನೋ, ಪಂಡಿತರ ಮುಂದನೋ?"

ತಾರಾಬಾಯಿ ಸೆರಗಿನಿಂದ ಕೈ ಒರೆಸಿಕೊಂಡಳು. ಒಂದು ಹೆಸರು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಮಕ್ಕಳಿಗೆ ನೂರು ಸುಳ್ಳು ಕಥೆ ಹೇಳಿದವಳಿಗೆ ಧರ್ಮದ ಹೆಸರಿನಲ್ಲಿ ಒಂದು ಹೇಳಲಾಗಲಿಲ್ಲ.

"ಯಾರ ಮುಂದೂ ಇಲ್ಲ, ಅತ್ಯಾರ. ಟಿವಿ ಮುಂದ."

ಧನ್ಯಕುಮಾರ ಚಪ್ಪಲಿ ಕೈಯಲ್ಲಿ ಹಿಡಿದು ಹಾಗೇ ನಿಂತ. ಶಾಂತಮ್ಮ ಬಯ್ಯಲಿಲ್ಲ. ಅಡಿಗೆಮನೆಗೆ ಹೋಗಿ, ಮಗುಚಿಟ್ಟ ತಾಟಿನ ಹತ್ತಿರ ಕೂತು, ಸೊಸೆಯನ್ನು ಕರೆದರು.

"ಎಷ್ಟ ದಿವಸಾತು?"

"ಹೊತ್ತ ಸಣ್ಣ ಆದಾಗಿಂದ."

"ಬಾಯಿ ಇರ್ಲಿಲ್ಲೇನು ಹೇಳಾಕ?"

"ಹೇಳಿದ್ರ ಟಿವಿ ಬಂದ ಮಾಡ್ತಿದ್ರಿ."

ಶಾಂತಮ್ಮ ಅದನ್ನು ಅಲ್ಲವೆನ್ನಲಿಲ್ಲ. ತಾಟನ್ನು ಕೈಗೆತ್ತಿಕೊಂಡು ಹೇಳಿದರು. "ನಾ ಈ ಮನಿಗಿ ಬಂದಾಗ ದೊಡ್ಡ ಬಳಗಾ. ಬಡಿಸಿ ಬಡಿಸಿ ನನ್ನ ಪಾಳಿ ಬರೂದ್ರಾಗ ಹೊತ್ತ ಮುಳಗತಿತ್ತು. ಶಾಂತಮ್ಮ ಭಾಳ ವ್ರತಾ ಮಾಡ್ತಾಳ ಅಂತ ಬಸದ್ಯಾಗ ಹೆಸರಾತು. ನಾನೂ ಹೂಂ ಅಂದೆ." ತಾಟನ್ನು ಅಂಗಾತ ಮಾಡಿಟ್ಟರು. "ನಿನಗ ನೋಡಾಕರ ಏನೋ ಇತ್ತು."

ಕರೆದ ಮಂದಿಗೆ ಬರಬೇಡಿ ಎನ್ನಲಾಗುತ್ತದೆಯೇ? ರವಿವಾರ ಮಧ್ಯಾಹ್ನ ಖಾನಾಪುರದ ಬಸ್ಸಿಗೆ ತಾರಾಬಾಯಿಯ ತಾಯಿ ಬಂದರು, ಬಸದಿಯ ಹೆಂಗಸರೂ ಬಂದರು. ಉದ್ಯಾಪನೆ ಇಲ್ಲ, ಬರೀ ಊಟ ಎಂದು ಶಾಂತಮ್ಮ ಬಾಗಿಲಲ್ಲೇ ಹೇಳಿದರು. ಯಾಕೆ ಎಂದವರಿಗೆ, "ವ್ರತಾ ಇರ್ಲಿಲ್ಲ, ನಾ ತಪ್ಪ ತಿಳಕೊಂಡಿದ್ದೆ. ಬರ್ರಿ, ಕುಂದರ್ರಿ" ಎಂದರು. ರೊಟ್ಟಿಗಳನ್ನು ಮುಂಜಾನೆಯೇ ಅತ್ತೆ ಸೊಸೆ ಕೂಡಿ ಬಡಿದು ಬುಟ್ಟಿಯಲ್ಲಿ ಒಟ್ಟಿದ್ದರು.

"ಬಿಸಿ ರೊಟ್ಟಿ?" ಎಂದ ಧನ್ಯಕುಮಾರ.

"ಅವು ಮುಂಜಾನಿ ಬಿಸಿ ಇದ್ದೂ," ಎಂದರು ಶಾಂತಮ್ಮ.

ಐದು ಗಂಟೆಗೆ ಮೊದಲ ತಾಟು ತಾರಾಬಾಯಿಯ ಮುಂದೆ ಬಂತು, ಟಿವಿ ಎದುರಿಗೆ, ಮಕ್ಕಳ ನಡುವೆ. ಎಲ್ಲರಿಗಿಂತ ಮೊದಲು ಉಣ್ಣುವುದು ಅವಳಿಗೆ ಗೊತ್ತಿರಲಿಲ್ಲ. ತುತ್ತು ಮುರಿದು ಸುತ್ತ ನೋಡಿದಳು. ಬಡಿಸುತ್ತಿದ್ದ ಧನ್ಯಕುಮಾರ ಅಡಿಗೆಮನೆಯಿಂದ ಕೂಗಿದ. "ಉಪ್ಪಿನಕಾಯಿ ಎಲ್ಲಿ ಇಟ್ಟೀರಿ?"

ಮಕ್ಕಳು ಮುಖ ಮುಖ ನೋಡಿಕೊಂಡರು. "ಅದಽ ಬಂದೈತಿ," ಎಂದು ನಾಗಲಿಂಗ ಪಿಸುಗುಟ್ಟಿದ.

ಧಾರಾವಾಹಿ ಶುರುವಾಯಿತು. ನೆಲಮಾಳಿಗೆಯ ಕೊನೆಯ ಬಾಗಿಲ ಹೊರಗೆ ತಾಯಿಯ ದನಿ ಕರೆಯಿತು. ಒಳಗೆ ಒಂಟಿ ಹುಡುಗಿ. ತಾರಾಬಾಯಿಯ ಕೈತುತ್ತು ಬಾಯಿಗೆ ಹೋಗದೆ ನಿಂತಿತು. ಒಂದು ತೋಳಿಗೆ ಕಾಂತಾ, ಇನ್ನೊಂದಕ್ಕೆ ಖಾನಾಪುರದ ತಾಯಿ ಜೋತುಬಿದ್ದಿದ್ದರು. ಶಾಂತಮ್ಮ ಜಪಮಾಲೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದರು. ಹುಡುಗಿ ಬಾಗಿಲು ತೆರೆಯಲಿಲ್ಲ. ಕನ್ನಡಿಯೊಂದನ್ನು ಸಂದಿಗೆ ಹಿಡಿದಳು. ಬೆಳಕು ತಿರುಗಿ ಆ ಮುಖವಿಲ್ಲದ್ದರ ಮೇಲೇ ಬಿತ್ತು.

"ಹಸರ," ಎಂದರು ಶಾಂತಮ್ಮ, ಕಣ್ಣು ಕೀಳದೆ.

ಎಲ್ಲರೂ ಉಂಡದ್ದಾಯಿತು, ಹೊತ್ತು ಮುಳುಗಿತು. ಹೊರಗಿನಿಂದ ಚಂದ್ರವ್ವನ ದನಿ ಕೇಳಿತು. "ಕಾಂತಾ, ನಾಗಲಿಂಗ, ಬರ್ರಿ." ಮಕ್ಕಳು ತಾರಾಬಾಯಿಯ ಸೆರಗು ಹಿಡಿದರು. ಅವಳೇ ಎದ್ದು ಬಾಗಿಲ ಸಂದಿಗೆ ಬಾಯಿಟ್ಟಳು.

"ಚಂದ್ರವ್ವ, ಊಟಾ ಆತ್ರಿ?"

"ನಂದ ಎಲ್ಲೀದ್ರಿ ಇಷ್ಟ ಲಗೂ. ಎಲ್ಲಾರದೂ ಆಗ್ಲಿ ಮೊದಲ."

ತಾರಾಬಾಯಿ ಚಿಲಕ ತೆಗೆದಳು. "ಖರೇನ ನಿಮ್ಮವ್ವನ," ಎಂದಳು ಮಕ್ಕಳಿಗೆ. "ಹೋಗ್ರಿ. ಹೋಗಿ ಮೊದಲ ಆಕೀಗಿ ತಾಟ ಹಾಕ್ರಿ."