ಗುಹೆಯ ಬೂದಿ ಬಾಚಿದವರು ಯಾರು?

ಸ್ವೀಡನ್ನಿನ ಉಪ್ಸಾಲಾದ ಕನ್ನಡಿಗರಲ್ಲಿ ವೇದವತಿಯ ಕೈಯ ಪುಳಿಯೋಗರೆ ತಿನ್ನದವರಿಲ್ಲ. ಹನ್ನೊಂದು ವರ್ಷಗಳಿಂದ ಯುಗಾದಿಗೂ ಊಟ ಅವಳ ಮನೆಯಲ್ಲೇ, ಯಾರದೋ ಪಿಎಚ್‌ಡಿ ಮುಗಿದರೂ ಅವಳ ಮನೆಯಲ್ಲೇ. ಹೊಸಬರಿಗೆ ಅಲ್ಲಿನ ಸರ್ಕಾರದ ಗುರುತಿನ ಸಂಖ್ಯೆಯಾದ ಪರ್ಸೊನ್‌ನುಮ್ಮರ್ ಸಿಕ್ಕಿತೆಂದರೆ ಅದಕ್ಕೂ ಒಂದು ಪಾಯಸ. ಕರೆಯುವವನು ಗಂಡ ಬಾಲಚಂದ್ರ. ಮನುಷ್ಯ ಕೆಟ್ಟವನಲ್ಲ. ಕರೆಯುವುದಷ್ಟೇ ತನ್ನ ಕೆಲಸ, ಉಳಿದದ್ದೆಲ್ಲ ತಾನಾಗಿಯೇ ಆಗುತ್ತದೆ ಎಂದು ನಂಬಿದವನು.

ಹಗಲೆಲ್ಲ ಔಷಧ ಕಂಪನಿಯ ಲ್ಯಾಬಿನಲ್ಲಿ, ಸಂಜೆಯೆಲ್ಲ ಒಲೆಯ ಮುಂದೆ ನಿಲ್ಲುವ ವೇದವತಿಗೆ ಆ ವಸಂತದಲ್ಲಿ ಬಸ್ಸಿನಲ್ಲಿ ಕೂತಲ್ಲೇ ಕಣ್ಣೀರು ಬರತೊಡಗಿತು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ, ಸುಸ್ತು ಅಷ್ಟೆ. ಡಾಕ್ಟರ್ ಮೂರು ತಿಂಗಳ ರಜೆ ಬರೆದುಕೊಟ್ಟರು. ಸೋಮವಾರ ಆ ಚೀಟಿಯನ್ನು ಕೆಲಸದಲ್ಲಿ ಕೊಡಬೇಕು. ಅದಕ್ಕೂ ಮುಂಚೆ ಗಂಡನಿಗೆ ಹೇಳಬೇಕು. ವಾರವಾದರೂ ಹೇಳಲು ಬಾಯಿ ಬಂದಿರಲಿಲ್ಲ.

ಅಷ್ಟರಲ್ಲಿ ಕನ್ನಡಿಗರ ಗುಂಪಿನ 2005ರ ಜೂನ್ ಪ್ರವಾಸ ಬಂತು. ಗಾಟ್ಲೆಂಡ್ ದ್ವೀಪದ ಬಾಡಿಗೆ ಮನೆಯಲ್ಲಿ ವೇದವತಿ ನಾಲ್ಕಕ್ಕೇ ಎದ್ದು ಅನ್ನ ಕಲಸಿದಳು. ದೋಣಿ ಹಿಡಿದು ಎಲ್ಲರೂ ಪಕ್ಕದ ಪುಟ್ಟ ದ್ವೀಪಕ್ಕೆ ಹೊರಟರು. ಗೈಡ್ ಹುಡುಗಿಯ ಹಿಂದೆ ಗುಡ್ಡ ಹತ್ತುತ್ತಿದ್ದ ಸ್ವೀಡಿಶರ ಬೆನ್ನಿಗೆ ಅವರವರ ಎರಡು ಬ್ರೆಡ್ಡು, ಒಂದು ಫ್ಲಾಸ್ಕು. ವೇದವತಿಯ ಬೆನ್ನಿಗೆ ಹದಿನೆಂಟು ಜನರ ಪುಳಿಯೋಗರೆ. ಮೊಸರನ್ನದ ಡಬ್ಬಿ ಬಾಲಚಂದ್ರನ ಪಾಲಿಗಿತ್ತು. ಫೋಟೊ ತೆಗೆಯಲು ಅಡ್ಡಿ ಎಂದು ಅದೂ ಇವಳ ಕೈ ಸೇರಿತು.

ಸುಣ್ಣಕಲ್ಲಿನ ಗುಹೆ ತಣ್ಣಗಿತ್ತು. ಸಾವಿರಾರು ವರ್ಷಗಳ ಹಿಂದೆ ಸೀಲ್ ಬೇಟೆಯವರು ಇಲ್ಲಿ ಸಂಸಾರ ಹೂಡಿದ್ದರು, ಅಗೆದಾಗ ಆಳೆತ್ತರಕ್ಕೂ ಮೀರಿ ಬೂದಿ, ಮೂಳೆ ಸಿಕ್ಕಿತು ಎಂದಳು ಗೈಡ್.

ವೇದವತಿ ಮುರುಕು ಸ್ವೀಡಿಶ್‌ನಲ್ಲಿ ಕೇಳಿದಳು, "ಒಲೆ ಬೂದೀನ ಯಾರೂ ಬಾಚ್ತಿರ್ಲಿಲ್ವಾ?"

"ಇಲ್ಲ. ತಿಂದು ಅಲ್ಲೇ ಬಿಸಾಡಿ, ಅದರ ಮೇಲೇ ಮಲಗುತ್ತಿದ್ದರು."

ಬಾಚದಿದ್ದರೂ ಆ ಸಂಸಾರಗಳು ನಡೆದಿದ್ದವು. ವೇದವತಿಗೆ ಆ ಹೆಂಗಸರ ಮೇಲೆ ಹೊಟ್ಟೆಕಿಚ್ಚಾಯಿತು.

ಹೊರಗೆ ಹುಲ್ಲಿನ ಮೇಲೆ ಎಲ್ಲರೂ ಪೇಪರ್ ತಟ್ಟೆ ಹಿಡಿದು ಸಾಲಾಗಿ ಕೂತರು. "ವೇದಾ, ಶುರು ಮಾಡೋಣ್ವಾ?" ಎಂದ ಬಾಲಚಂದ್ರ.

ಅವಳು ಬಂಡೆಗೊರಗಿ ಕೂತವಳು ಏಳಲಿಲ್ಲ. "ನನ್ ಕೈಲಾಗಲ್ಲ ರೀ. ಡಾಕ್ಟರ್ ಮೂರು ತಿಂಗಳು ರಜ ಬರ್ಕೊಟ್ಟಿದ್ದಾರೆ. ವಾರ ಆಯ್ತು."

ಸಾಲಿನಲ್ಲಿದ್ದ ಗೆಳತಿ ಫ್ಲೇವಿಯಾ ಏನೂ ಕೇಳದೆ ಎದ್ದು ಸೌಟು ಹಿಡಿದಳು. ಬಾಲಚಂದ್ರ ಹೆಂಡತಿಯ ಪಕ್ಕ ಬಂದು ಕುಕ್ಕರಿಸಿದ.

"ವಾರದಿಂದ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ, ಹೇಗೂ ಮನೇಲೇ ಇರ್ತೀಯಲ್ಲ ಅಂತ ಇನ್ನೂ ನಾಲ್ಕು ಜನಾನ ಊಟಕ್ಕೆ ಕರೀತೀರೇನೋ ಅಂತ ಭಯ ಆಯ್ತು."

ಹಾಗೆಲ್ಲ ಮಾಡುತ್ತೇನಾ ಎನ್ನಲು ಬಾಲಚಂದ್ರ ಬಾಯಿ ತೆರೆದ. ಬರುವ ಶನಿವಾರಕ್ಕೆ ಅವನು ಎರಡು ಮನೆಯವರನ್ನು ಆಗಲೇ ಕರೆದಾಗಿತ್ತು.