ಎಡ ವಿಂಗಿನಿಂದ ಬಂದ ಮಾತು

ದೆವ್ವ, ಅಶರೀರವಾಣಿ ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ತಗಡಿನ ಹಾಳೆ ಅಲ್ಲಾಡಿಸಿ ಗುಡುಗು ಮಾಡಿದವನು, ಹಸಿರು ಬೆಳಕು ಬಿಟ್ಟು ಪ್ರೇತ ತೋರಿಸಿದವನು ನಾನು. ಯಾರಾದರೂ ಅಂಥ ಅನುಭವ ಹೇಳಿದರೆ, ಪರದೆಯ ಹಿಂದೆ ಯಾರಿದ್ದರು ಎಂದು ಕೇಳುವುದು ನನ್ನ ಅಭ್ಯಾಸ. ನೀವೂ ಈಗ ಅದನ್ನೇ ಕೇಳಬಹುದು. ಉತ್ತರ ನನ್ನಲ್ಲಿಲ್ಲ. ಇರುವುದು ಒಂದು ತಪ್ಪಿನ ಕಥೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಉಡುಪಿ ಕಡೆಯಿಂದ ಬಂದು ಡೊಂಬಿವಲಿಯ ಹೋಟೆಲೊಂದರ ಕೌಂಟರಿನಲ್ಲಿ ಕೂರುತ್ತಿದ್ದ ನನ್ನನ್ನು ಹತ್ತನೆಯ ತರಗತಿ ದಾಟಿಸಿದವರು ರಾತ್ರಿಶಾಲೆಯ ವಾಮನ ಮಾಸ್ಟ್ರು. ನಾಟಕದ ಹುಚ್ಚು ಹಿಡಿಸಿದವರೂ ಅವರೇ. ಅವರು ನಮ್ಮ ನಾಟಕ ಸಂಘದ ನಿರ್ದೇಶಕರು, ನಾನು ಸ್ಟೇಜ್ ಮ್ಯಾನೇಜರ್. ಪರದೆ, ಗಂಟೆ, ಮೇಜು ಕುರ್ಚಿ ಎಲ್ಲ ನನ್ನ ಪಾಲಿಗೆ. ರಂಗದ ಎಡಬದಿಯ ಮರೆಯಲ್ಲಿ, ಅಂದರೆ ಎಡ ವಿಂಗಿನಲ್ಲಿ, ಸ್ಟೂಲು ಹಾಕಿ ಕೂತು, ಮಾತು ಮರೆತ ನಟನಿಗೆ ಮಾತು ಕೊಡುವ ಪ್ರಾಂಪ್ಟರ್ ಕೂಡ ನಾನೇ. ಅದಕ್ಕೆ ಮಾಸ್ಟ್ರದ್ದೇ ಒಂದು ಕ್ರಮವಿತ್ತು. ಉಂಗುರದ ಬೆರಳಿನಿಂದ ವಿಂಗಿನ ಮರದ ಚೌಕಟ್ಟಿಗೆ ಎರಡು ಸಲ ತಟ್ಟಬೇಕು, ಆಮೇಲೆ ಸಾಲಿನ ಮೊದಲ ಎರಡು ಶಬ್ದ ಮಾತ್ರ ಹೇಳಬೇಕು. "ಇಡೀ ಸಾಲು ಕೊಟ್ರೆ ನಟ ಗಿಣಿ ಆಗ್ತಾನೆ ಮಾರಾಯ" ಎನ್ನುತ್ತಿದ್ದರು.

ಹೊಸ ಶತಮಾನದ ಮೊದಲ ವರ್ಷಗಳವು. ಒಂದು ನಾಟಕವನ್ನಾದರೂ ನಾನು ನಿರ್ದೇಶಿಸುತ್ತೇನೆ ಎಂದು ತಾಲೀಮಿನಲ್ಲಿ ಕೇಳಿದೆ. ಮಾಸ್ಟ್ರು ಎಲ್ಲರೆದುರು, "ಹಗ್ಗ ಎಳೆಯುವವ ಹಗ್ಗ ಎಳೀಲಿ. ನಿರ್ದೇಶನ ಅಂದ್ರೆ ಪರದೆ ಎತ್ತಿದ ಹಾಗಲ್ಲ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮರೆಯಲಿಲ್ಲ.

ಅದೇ ವಾರ ಠಾಣೆ ಪಟ್ಟಣದಲ್ಲಿ ಪ್ರದರ್ಶನ. ಮಾಸ್ಟ್ರೇ ಬರೆದ ನಾಟಕ. ಮನೆ ಬಿಟ್ಟು ಹೋಗಿ ವರ್ಷಗಳ ನಂತರ ಮಗಳ ಬಾಗಿಲಿಗೆ ಬರುವ ಅಪ್ಪನ ಪಾತ್ರ ಅವರದು. ಕೊನೆಯ ದೃಶ್ಯದಲ್ಲಿ ಮಗಳು ಬಾಗಿಲು ತೆರೆದಾಗ ಆತ ಹೇಳಬೇಕು: "ನಾನು ಬಂದದ್ದು ಇರಲಿಕ್ಕಲ್ಲ ಮಗಳೇ, ತಪ್ಪೊಪ್ಪಿಕೊಂಡು ಹೋಗಲಿಕ್ಕೆ." ಮಾಸ್ಟ್ರಿಗೆ ಮಾತು ಹೊರಡಲಿಲ್ಲ. ಎಡಕ್ಕೆ ತಿರುಗಿ ನನ್ನನ್ನು ನೋಡಿದರು. ಸಾಲು ನನ್ನ ಬೆರಳಿನ ಕೆಳಗೇ ಇತ್ತು. ನಾನು ಪುಸ್ತಕ ಮುಚ್ಚಿದೆ.

ಸಭೆ ಮೊದಲು ಸುಮ್ಮನಿತ್ತು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ನಗು ಎದ್ದಿತು. ಪರದೆ ಎಳೆದವನೂ ನಾನೇ. "ಪ್ರಾಯ ಆಯ್ತು, ನಂದೇ ತಪ್ಪು" ಎಂದು ಮಾಸ್ಟ್ರು ಎಲ್ಲರಿಗೂ ಹೇಳಿ ಬಣ್ಣ ಒರೆಸಿಕೊಂಡರು. ಸಂಘ ಬಿಟ್ಟು ಕಾಮೋಠೆಯಲ್ಲಿದ್ದ ತಮ್ಮ ಮಗಳ ಮನೆಗೆ ಹೋದರು. ನಿರ್ದೇಶನ ನನ್ನ ಕೈಗೆ ಬಂತು.

ನಾನು ಮಾಡಿದ ಮೊದಲ ನಿಯಮ, ನನ್ನ ನಾಟಕದಲ್ಲಿ ಪ್ರಾಂಪ್ಟರ್ ಇರಕೂಡದು. ಎಂಥ ಶಿಸ್ತು ಎಂದು ಜನ ಹೊಗಳಿದರು, ಶಾಲು ಹೊದಿಸುವಾಗಲೂ ಅದನ್ನೇ ಹೇಳಿದರು. ನಿಜವೆಂದರೆ ಆ ಸ್ಟೂಲನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಎಂಟು ವರ್ಷ ಹಾಗೆ ಕಳೆಯಿತು. ಮಾಸ್ಟ್ರನ್ನು ಒಮ್ಮೆಯೂ ನೋಡಲು ಹೋಗಲಿಲ್ಲ.

ಆಮೇಲೆ ಸಂಘದವರ ಒತ್ತಾಯಕ್ಕೆ ಅದೇ ನಾಟಕವನ್ನು ಡೊಂಬಿವಲಿಯ ಪಕ್ಕದ ಕಲ್ಯಾಣದಲ್ಲಿ ಆಡಿಸಬೇಕಾಯಿತು. ಭಾನುವಾರ, ಸಂಜೆ ನಾಲ್ಕಕ್ಕೆ ಪ್ರದರ್ಶನ. ಅಪ್ಪನ ಪಾತ್ರದ ರಾಘು ಐರೋಲಿಯವನು. ಮೂರೂವರೆಗೆ ಅವನ ಫೋನು ಬಂತು. "ಅಣ್ಣಾ, ಮೆಗಾಬ್ಲಾಕ್. ಹಳಿ ರಿಪೇರಿ ಅಂತ ಒಂದೂ ಗಾಡಿ ಇಲ್ಲ. ರಿಕ್ಷಾದಲ್ಲಿ ಹೊರಟೆ, ಇಲ್ಲಿ ಪೂರಾ ಜಾಮ್."

"ಭಾನುವಾರ ಮೆಗಾಬ್ಲಾಕ್ ಇರ್ತದೆ ಅಂತ ನಿಂಗೆ ಇವತ್ತು ಗೊತ್ತಾದದ್ದಾ?" ಎಂದು ಬೈದು, ಬಣ್ಣ ನಾನೇ ಹಚ್ಚಿಕೊಂಡು ಅಪ್ಪನ ಪಾತ್ರದ ಕೋಲು ಹಿಡಿದೆ. ಮಾತೆಲ್ಲ ನನಗೆ ಬಾಯಿಪಾಠ.

ಕೊನೆಯ ದೃಶ್ಯ. ಮಗಳ ಪಾತ್ರದ ಸುಜಾತಾ ಬಾಗಿಲು ತೆರೆದಳು. ನಾಟಕದ ಅದೇ ಘಟ್ಟ, ಅದೇ ಸಾಲು, ಒಂದಕ್ಷರವೂ ನೆನಪಿಲ್ಲ. ನಾನು ಎಡಕ್ಕೆ ತಿರುಗಿದೆ, ಅಲ್ಲಿ ಯಾರೂ ಇರಲಾರರೆಂದು ಗೊತ್ತಿದ್ದೂ. ಆಗ ಮರಕ್ಕೆ ಎರಡು ಸಲ ತಟ್ಟಿದ ಸದ್ದು ಕೇಳಿತು. ಮಾಸ್ಟ್ರ ದನಿ, ತಗ್ಗಿದ ದನಿ: "ನಾನು ಬಂದದ್ದು..." ಅಷ್ಟೇ. ಮುಂದಿನದನ್ನು ನಾನು ಹೇಳಿದೆ. ಹೇಳುತ್ತಾ ಅತ್ತೆ. ಜನ ಅದನ್ನು ಅಭಿನಯ ಎಂದುಕೊಂಡರು.

ಪರದೆ ಬಿದ್ದ ಮೇಲೆ ಸುಜಾತಾಳನ್ನು ಕೇಳಿದೆ.

"ಟಕ್ ಟಕ್ ಅಂದದ್ದು ಕೇಳಿತು ಸರ್. ನೀವೇ ಕೋಲು ಕುಟ್ಟಿದ್ರಿ ಅಂದ್ಕೊಂಡೆ."

"ಮಾತು?"

"ಮಾತು ನೀವೇ ಹೇಳಿದ್ರಲ್ಲ."

ಮರುದಿನ ಬೆಳಿಗ್ಗೆ ಕಾಮೋಠೆಗೆ ಹೋದೆ. ಮಾಸ್ಟ್ರು ಬಾಲ್ಕನಿಯ ಕುರ್ಚಿಯಲ್ಲಿದ್ದರು, ಬಹಳ ಇಳಿದುಹೋಗಿದ್ದರು. ಬೆರಳಲ್ಲಿ ಉಂಗುರ ಇರಲಿಲ್ಲ. ಎದುರು ನಿಂತೆ, ಮಾತು ಬರಲಿಲ್ಲ. ಅವರು ಕುರ್ಚಿಯ ಕೈಗೆ ಎರಡು ಸಲ ತಟ್ಟಿದರು. "ಏನು, ಇವತ್ತೂ ಪುಸ್ತಕ ಮುಚ್ಚಿಯೇ ಬಂದಿದ್ದೀಯಾ?"

ಅಲ್ಲೇ ಕೆಳಗೆ ಕೂತು ಎಲ್ಲವನ್ನೂ ಹೇಳಿದೆ.

"ಗೊತ್ತಿತ್ತು" ಎಂದರು. "ನೀನು ಪುಸ್ತಕ ಮುಚ್ಚಿದ್ದು ನಂಗೆ ಕೇಳಿತ್ತು."

"ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ ಮಾಸ್ಟ್ರೇ?"

"ಹೇಳಿದ್ರೆ ನೀನು ನಾಟಕ ಬಿಡ್ತಿದ್ದೆ. ನಂಗೂ ಮಾತು ಮರೀಲಿಕ್ಕೆ ಶುರುವಾಗಿತ್ತು. ಸಂಘಕ್ಕೆ ಒಬ್ಬ ಬೇಕಲ್ಲ." ಆಮೇಲೆ ತಾವಾಗಿಯೇ, "ಆವತ್ತು ಎಲ್ಲರೆದುರು ಹಗ್ಗದ ಮಾತು ಹೇಳಿದ್ದು ನಂದೂ ತಪ್ಪೇ" ಎಂದರು.

ನಿನ್ನೆ ಸಂಜೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

"ಮಲಗಿದ್ದೆ. ಈ ಪ್ರಾಯದಲ್ಲಿ ಇನ್ನೇನು ಮಾಡ್ತಾರೆ?" ಎಂದು, ಮಗಳನ್ನು ಕರೆದು ನನಗೆ ಚಹಾ ತರಲು ಹೇಳಿದರು.

ವಾಪಸಾಗುವಾಗ, ಪನ್ವೇಲಿನ ಕಡೆಯಿಂದ ಬಂದ ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದೆ. ಎಂಟು ವರ್ಷಗಳಲ್ಲಿ ಅಂಥ ನಿದ್ದೆ ಬಂದಿರಲಿಲ್ಲ. ಮುಂದಿನ ನಾಟಕಕ್ಕೆ ಸ್ಟೂಲು ಮತ್ತೆ ಬಂತು. ಈಗ ನಿರ್ದೇಶನ ಸುಜಾತಾಳದ್ದು, ಸ್ಟೂಲು ನನ್ನದು. ಎರಡು ತಟ್ಟು, ಎರಡು ಶಬ್ದ.

ಒಂದು ಮಾತು ಉಳಿಯಿತು. ಆಮೇಲೊಮ್ಮೆ ಕಲ್ಯಾಣದ ಆ ಸಭಾಗೃಹಕ್ಕೆ ಹಗಲಲ್ಲಿ ಒಬ್ಬನೇ ಹೋಗಿ ಎಡ ವಿಂಗನ್ನು ನೋಡಿ ಬಂದೆ. ಅಲ್ಲಿ ಮರದ ಚೌಕಟ್ಟಿಗೂ ಗೋಡೆಗೂ ನಡುವೆ ಇರುವುದು ಒಂದು ಗೇಣು ಜಾಗ. ಮನುಷ್ಯ ನಿಲ್ಲುವುದಿರಲಿ, ಮಗು ಕೂಡ ನಿಲ್ಲಲಾರದು. ಕೈ ತೂರಿಸಿದೆ. ಮೊಣಕೈಯವರೆಗೆ ಹೋಯಿತು. ಹೊರಗೆಳೆದಾಗ ತೋಳಿನ ತುಂಬ ಗೋಡೆಯ ಸುಣ್ಣ. ಅದನ್ನು ಒರೆಸಿಕೊಳ್ಳದೆಯೇ ಮನೆಗೆ ಬಂದೆ.