ಸಂಧಾನದ ಮೇಜು

ಎದುರಿಗೆ ಸಿಕ್ಕಾಗ ಮೇಸ್ತ್ರಿ, ಬೆನ್ನ ಹಿಂದೆ ನಾಳಿದ್ದು ಮೇಸ್ತ್ರಿ. ಆ ಬೀದಿಯಲ್ಲಿ ಅವನಿಗೆ ಇದ್ದ ಹೆಸರೇ ಅದು. ಕಾಲು ಮುರಿದ ಕುರ್ಚಿ ಹೊತ್ತುಕೊಂಡು ಹೋದರೂ, ಹೊಸ ಮನೆಗೆ ಬಾಗಿಲು ಬೇಕೆಂದು ಹೋದರೂ, ಅವನು ಒಂದು ಸಲ ಮರ ತಟ್ಟಿ ನೋಡಿ, ಒಂದು ಸಲ ಸೂರು ನೋಡಿ, "ನಾಳಿದ್ದು ಬನ್ನಿ" ಅನ್ನುತ್ತಿದ್ದ. ಕೆಲಸ ಅರ್ಧ ಗಂಟೆಯದಾದರೂ ನಾಳಿದ್ದೇ. ಕಸುಬು ಕಲಿಸಿದ ಸೋದರಮಾವ ಕಿವಿ ಹಿಂಡಿ ಹೇಳಿಕೊಟ್ಟ ಪಾಠ ಅದು: ಕೇಳಿದ ತಕ್ಷಣ ಆಗುತ್ತೆ ಅಂದರೆ ಗಿರಾಕಿ ತಲೆ ಮೇಲೆ ಹತ್ತಿ ಕೂರುತ್ತಾನೆ, ಕೆಲಸ ಗೊತ್ತಿದ್ದವನಿಗೂ ಗೊತ್ತಿಲ್ಲದವನಿಗೂ ವ್ಯತ್ಯಾಸವೇ ಇಲ್ಲದ ಹಾಗೆ ನೋಡುತ್ತಾನೆ. ಗಿರಾಕಿಗಳೇನು ಕಡಿಮೆಯವರೇ? ಬೇಕಾದ ದಿನಕ್ಕಿಂತ ಮುಂಚೆಯೇ ಬಂದು, ಇವತ್ತೇ ಬೇಕು, ಇಲ್ಲದಿದ್ದರೆ ಮುಳುಗಿಹೋಗುತ್ತೇನೆ ಎಂದು ಗೋಳಾಡುತ್ತಿದ್ದರು. ಅವನ ಮಾತನ್ನು ನಂಬಿದವರೂ ಇಲ್ಲ, ಅದಕ್ಕಾಗಿ ಮುನಿಸಿಕೊಂಡವರೂ ಇಲ್ಲ. ಅವನ ತಲೆಗೂದಲು ಬೆಳ್ಳಗಾಗುವವರೆಗೂ ಹೀಗೇ ನಡೆದಿತ್ತು.

ಬೀದಿಯ ಕೊನೆಯಲ್ಲಿ ಒಂದು ದೊಡ್ಡ ಕಟ್ಟಡ. ಲೋಕದ ದೇಶಗಳೆಲ್ಲ ಸೇರಿ ಕಟ್ಟಿಕೊಂಡ ಸಂಸ್ಥೆಯದು. ಮುಂದೆ ಸಾಲಾಗಿ ಬಾವುಟಗಳು, ಒಳಗೆ ಕಾಲು ಹೂತುಹೋಗುವಂಥ ಜಮಖಾನ. ಲೋಕದ ಜಗಳಗಳು ಬಗೆಹರಿಯುವ ಜಾಗ ಎಂದು ಪೇಪರಿನವರು ಬರೆಯುತ್ತಿದ್ದರು. ಮೇಸ್ತ್ರಿಗೆ ಅದು ಕುರ್ಚಿಗಳ ಕೀಲು ಸಡಿಲವಾಗುವ ಜಾಗ. ದೊಡ್ಡವರಿಗೆ ಸಿಟ್ಟು ಬಂದರೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಏಳುತ್ತಾರೆ, ಮೊದಲು ಹೋಗುವುದು ಹಿಂದಿನ ಕಾಲು. ಯಾವ ಸಭೆ ಹೇಗೆ ನಡೆಯಿತೆಂದು ಅವನು ಕುರ್ಚಿ ನೋಡಿಯೇ ಹೇಳುತ್ತಿದ್ದ, ಹೇಳಿದ್ದು ಅರ್ಧ ಸಲ ತಪ್ಪಾಗುತ್ತಿತ್ತು.

ಅವನಿಗೆ ಒಬ್ಬಳೇ ಮಗಳು. ನರ್ಸು. ದೂರದ ಎರಡು ದೇಶಗಳು ಒಂದು ಕಣಿವೆಗಾಗಿ ಹೊಡೆದಾಡಿಕೊಳ್ಳುತ್ತಿದ್ದಾಗ, ಇದೇ ಸಂಸ್ಥೆ ಅಲ್ಲಿ ನಡೆಸುತ್ತಿದ್ದ ಆಸ್ಪತ್ರೆಗೆ ತಾನಾಗಿ ಹೆಸರು ಕೊಟ್ಟು ಹೊರಟಳು. ಮೇಸ್ತ್ರಿ ಕೂಗಾಡಿದ. ಉಳಿ ಬಿಸಾಡಿದ.

"ಆಸ್ಪತ್ರೆ ಮೇಲೆ ದೊಡ್ಡದಾಗಿ ಗುರುತು ಬರ್ದಿರ್ತಾರೆ ಅಪ್ಪ. ಅದರ ಮೇಲೆ ಬಾಂಬ್ ಹಾಕೋ ಹಾಗಿಲ್ಲ. ಎಲ್ಲಾ ದೇಶದವರೂ ಸಹಿ ಹಾಕಿರೋ ಕಾನೂನು" ಅಂದಳು.

"ಹೌದೇನು? ವಿಮಾನದಲ್ಲಿ ಕೂತಿರೋನಿಗೆ ಆ ಕಾನೂನು ಓದ್ಸಿದಾರಾ?"

"ಓದ್ಸಿರ್ತಾರೆ."

"ಹಾಗಾದ್ರೆ ಅಲ್ಲಿ ನರ್ಸ್ ಯಾಕೆ ಬೇಕು?"

ಅವಳು ನಕ್ಕು ಚೀಲ ಹೆಗಲಿಗೇರಿಸಿದಳು. ಅವಳು ಹೋದ ಮೇಲೆ ಮೇಸ್ತ್ರಿಗೆ ಕೂತಲ್ಲಿ ಕೂರಲಾಗಲಿಲ್ಲ. ಅನ್ನದ ಮುಂದೆ ಕೂತವನು ಫೋನ್ ನೋಡಲು ಎದ್ದುಹೋಗುತ್ತಿದ್ದ, ಕೀಸುಳಿ ಹಿಡಿದವನು ಹಲಗೆಯ ನಡುವೆಯೇ ನಿಲ್ಲಿಸಿ ಬಾಗಿಲಿಗೆ ಬರುತ್ತಿದ್ದ. ಅಲ್ಲಿ ಫೋನ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. "ನೀವು ಹೀಗೆ ಒಳಗೆ ಹೊರಗೆ ಓಡಾಡಿದ್ರೆ ಅಲ್ಲಿ ಯುದ್ಧ ನಿಲ್ಲುತ್ತಾ?" ಎಂದು ಹೆಂಡತಿ ಬೈಯುತ್ತಿದ್ದಳು. ಬೈಯುವ ಅವಳೂ ಟೀವಿಯ ಮುಂದಿನಿಂದ ಏಳುತ್ತಿರಲಿಲ್ಲ.

ಕೊನೆಗೆ ಎರಡೂ ಕಡೆಯವರು ಮಾತಿಗೆ ಒಪ್ಪಿದರು. ಮಾತು ನಡೆಯುವುದು ಬೀದಿಯ ಕೊನೆಯ ಅದೇ ಕಟ್ಟಡದಲ್ಲಿ. ಷರತ್ತು ಒಂದೇ: ಇಬ್ಬರೂ ಎದುರುಬದುರು ಕೂತ ಗಳಿಗೆಯಿಂದ ಗುಂಡು ನಿಲ್ಲಬೇಕು. ಮೇಸ್ತ್ರಿ ಅವತ್ತು ಬೀದಿಗೆಲ್ಲ ಚಹಾ ಕುಡಿಸಿದ. ಇನ್ನೇನು, ಕೂರುವುದಷ್ಟೇ ತಾನೇ.

ಕೂರುವುದೇ ಆಗಲಿಲ್ಲ. ಯಾವ ಮೇಜಿಗೆ ಕೂರಬೇಕು ಎಂದು ಜಗಳ ಹತ್ತಿತು. ಉದ್ದನೆಯ ಮೇಜು ಹಾಕಿದರೆ ತಲೆಯ ಕಡೆ ಯಾರು? ದುಂಡಗಿನ ಮೇಜು ಹಾಕಿದರೆ ಒಂದು ಕಡೆಯವರು, ನಮ್ಮನ್ನೂ ಅವರನ್ನೂ ಸಮ ಮಾಡಿದಿರಿ ಎಂದು ಸಿಡುಕಿದರು. ಮೂರು ಮೂಲೆಯ ಮೇಜು ಬಂತು, ಹೋಯಿತು. ಸಭಾಂಗಣದ ವ್ಯವಸ್ಥೆ ನೋಡುತ್ತಿದ್ದ ಅಧಿಕಾರಿ ಹೆಂಗಸು, ನಿದ್ದೆಗೆಟ್ಟು ಕಣ್ಣಿನ ಸುತ್ತ ಕಪ್ಪಾದವಳು, ಪ್ರತಿ ಸಲವೂ ಮೇಸ್ತ್ರಿಯನ್ನು ಕರೆಸಿ ಹೊಸ ಚಿತ್ರ ಕೊಡುತ್ತಿದ್ದಳು. ಅವನು ಕೊಯ್ದ, ಜೋಡಿಸಿದ, ಮತ್ತೆ ಬಿಚ್ಚಿದ. ಒಳ್ಳೆಯ ತೇಗದ ಹಲಗೆಗಳು ತುಂಡುತುಂಡಾಗುವುದು ನೋಡಿ ಅವನ ಹೊಟ್ಟೆ ಉರಿಯಿತು. ವಾರಗಳು ಉರುಳಿದವು. ಟೀವಿಯಲ್ಲಿ ಕಣಿವೆ ಉರಿಯುತ್ತಲೇ ಇತ್ತು.

"ನನ್ನ ಮಗಳು ಅಲ್ಲಿದಾಳೆ ಮೇಡಂ" ಎಂದು ಅವನು ಒಂದು ದಿನ ತಡೆಯಲಾರದೆ ಅಂದ. "ಇವರಿಗೆ ನೆಲದ ಮೇಲೆ ಕೂತ್ಕೊಳ್ಳೋಕೆ ಏನು ಧಾಡಿ?"

"ಅದನ್ನೂ ಕೇಳಿ ನೋಡಿದೆ ಮೇಸ್ತ್ರಿ" ಅಂದಳು ಆಕೆ. ತಮಾಷೆಗೆ ಹೇಳಿದಂತಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಆಕೆ ಅಂಗಡಿಗೇ ಓಡಿ ಬಂದಳು. ದಾರಿ ಸಿಕ್ಕಿತ್ತು. ಒಂದು ಕಡೆಯವರಿಗೆ ಒಂದೇ ಮೇಜು ಬೇಕು, ಇನ್ನೊಂದು ಕಡೆಯವರಿಗೆ ಬೇರೆ ಬೇರೆ ಮೇಜು ಬೇಕು. ಸರಿ, ಉದ್ದನೆಯ ಮೇಜನ್ನು ನಡುವೆ ಸೀಳಿ, ಎರಡು ಮಾಡಿ, ಉಗುರು ತೂರುವಷ್ಟು ಸಂದು ಬಿಟ್ಟು ಪಕ್ಕಪಕ್ಕ ಇಡುವುದು. ಮೇಲಿನಿಂದ ನೋಡಿದವನು ಒಂದು ಅನ್ನಲಿ, ಕೆಳಗೆ ಬಗ್ಗಿ ಕಾಲು ಎಣಿಸಿದವನು ಎರಡು ಅನ್ನಲಿ. ಇಬ್ಬರೂ ಒಪ್ಪಿದ್ದರು. ಮೇಸ್ತ್ರಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಜೀವಮಾನವೆಲ್ಲ ಸಂದು ಕಾಣದ ಹಾಗೆ ಕೂಡಿಸುವುದನ್ನು ಕಲಿತವನಿಗೆ, ಕಾಣುವ ಹಾಗೆ ಬಿಡು ಅನ್ನುತ್ತಿದ್ದಾರೆ.

"ಯಾವಾಗ ಆಗುತ್ತೆ?" ಎಂದು ಆಕೆ ಏದುಸಿರು ಬಿಡುತ್ತಾ ಕೇಳಿದಳು.

ಅವನು ಮರ ತಟ್ಟಿದ. ಸೂರು ನೋಡಿದ. "ನಾಳಿದ್ದು" ಅಂದ.

"ನಾಳಿದ್ದು ಅಂದ್ರೆ ಬುಧವಾರ. ಖಂಡಿತ ತಾನೇ?"

"ಖಂಡಿತ."

ಆಕೆ ಚೌಕಾಸಿ ಮಾಡಲಿಲ್ಲ, ಗೋಳಾಡಲಿಲ್ಲ, ಇವತ್ತೇ ಬೇಕು ಅನ್ನಲಿಲ್ಲ. ತಲೆಯಾಡಿಸಿ, ಫೋನ್ ಕಿವಿಗಿಟ್ಟುಕೊಂಡು ಹೊರಟುಹೋದಳು. ಮೇಸ್ತ್ರಿಗೆ ಒಂಥರಾ ಆಯಿತು, ಮೆಟ್ಟಿಲು ಇದೆಯೆಂದು ಕಾಲಿಟ್ಟಲ್ಲಿ ಇಲ್ಲದಿದ್ದ ಹಾಗೆ. ಆದರೆ ಕೆಲಸ ಕೈಗೆ ಬಂದಿತ್ತು, ಯೋಚಿಸುತ್ತಾ ನಿಲ್ಲಲಿಲ್ಲ. ಮೇಜು ಹಳೆಯದೇ. ಸೀಳಿ, ಸೀಳಿದ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ, ಬೇಡವೆಂದು ಮೂಲೆಗೆಸೆದಿದ್ದ ಮೇಜಿನ ಕಾಲುಗಳನ್ನು ತಂದು ಕೂರಿಸುವುದಷ್ಟೇ. ಮಧ್ಯಾಹ್ನ ದಾಟುವ ಹೊತ್ತಿಗೆ ಆಗಿಹೋಯಿತು. ಆಳುಗಳ ಕೈಲಿ ಕೈಗಾಡಿಗೆ ಹೇರಿಸಿ, ತಾನೇ ಮುಂದೆ ನಡೆದ. ಹೇಳಿದ್ದಕ್ಕಿಂತ ಮುಂಚೆಯೇ ಕೊಡುತ್ತಿದ್ದೇನೆ, ಮೇಡಂ ಹುಬ್ಬೇರಿಸುತ್ತಾಳೆ, ಈ ಹಾಳು ಯುದ್ಧ ಇನ್ನಾದರೂ ನಿಲ್ಲುತ್ತದೆ. ಬಹಳ ದಿನಗಳ ಮೇಲೆ ಅವನು ಶಿಳ್ಳೆ ಹಾಕಿದ.

ಕಟ್ಟಡದ ಹಜಾರದಲ್ಲಿ ಟೀವಿ ಹಾಕಿದ್ದರು. ಸಂಧಾನ ಬುಧವಾರ ಬೆಳಿಗ್ಗೆ, ಕದನವಿರಾಮ ಆಗಿನಿಂದಲೇ ಜಾರಿ, ಎರಡೂ ರಾಜಧಾನಿಗಳಿಗೆ ತಿಳಿಸಲಾಗಿದೆ ಎಂದು ಹೇಳುತ್ತಿತ್ತು. ಮೇಸ್ತ್ರಿ ನಿಂತ. ಕೈಗಾಡಿಯೂ ನಿಂತಿತು. ಅಧಿಕಾರಿ ಹೆಂಗಸು ಎದುರಿಗೆ ಬಂದಳು.

"ಬುಧವಾರ ಯಾಕೆ ಮೇಡಂ?"

"ಮೇಜು ಬುಧವಾರ ಅಂದ್ರಲ್ಲ ನೀವು?" ಆಕೆಯ ದೃಷ್ಟಿ ಗಾಡಿಯ ಮೇಲೆ ಬಿತ್ತು. "ಆಗಿದೆಯಾ? ಇವತ್ತೇ?"

"ಆಗಿದೆ. ಈಗಲೇ ಹಾಕ್ತೀನಿ. ಈಗಲೇ ಕೂರಿಸಿ ಅವರನ್ನ!"

"ನಾಳೆ ಬೆಳಿಗ್ಗೆನೇ ಕೂರೋಕೆ ತಯಾರಿದ್ರು ಮೇಸ್ತ್ರಿ. ಮೇಜು ಯಾವಾಗ ಅಂತ ಕೇಳಿದ್ರು. ನಾನು ನಿಮ್ಮ ಮಾತು ಹೇಳ್ದೆ."

"ಬದಲಾಯಿಸಿ. ಫೋನ್ ಮಾಡಿ ಹೇಳಿ, ಬಡಗಿ ಸುಳ್ಳು ಹೇಳಿದ ಅಂತ ಹೇಳಿ."

ಆಕೆ ಪ್ರಯತ್ನಿಸದೆ ಇರಲಿಲ್ಲ, ಅದನ್ನು ಹೇಳಲೇಬೇಕು. ಅವನೆದುರೇ ಮೇಲಿನವರ ಬಾಗಿಲು ತಟ್ಟಿದಳು, ಎರಡೂ ಕಡೆಯವರ ಹೋಟೆಲಿಗೆ ಮಾತಾಡಿದಳು. ತಾರೀಕು ಬರವಣಿಗೆಯಲ್ಲಿ ಹೋಗಿಯಾಗಿತ್ತು. ಅದನ್ನು ತಿದ್ದಬೇಕಾದರೆ ಇಬ್ಬರೂ ಒಟ್ಟಿಗೆ ಒಪ್ಪಬೇಕು, ಒಪ್ಪಬೇಕಾದರೆ ಕೂರಬೇಕು, ಕೂರುವುದು ಬುಧವಾರ. ಅಲ್ಲದೆ, ಮುಂಚೆ ಮಾಡೋಣ ಅಂದವರಿಗೆ ಯುದ್ಧ ಸಾಕಾಗಿದೆ ಎಂದು ಎದುರಿನವರು ತಿಳಿಯುತ್ತಾರೆಂಬ ಹೆದರಿಕೆ ಇಬ್ಬರಿಗೂ. ಆಕೆ ವಾಪಸು ಬಂದು ಕೈ ಚೆಲ್ಲಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಮೇಸ್ತ್ರಿಗೆ ಅನ್ನಿಸಿತು. ಇಡೀ ಬೀದಿಯಲ್ಲಿ ಯಾರೂ ನಂಬದ ಅವನ ಮಾತನ್ನು ನಂಬಿದವಳು ಅವಳೊಬ್ಬಳೇ.

ಮಂಗಳವಾರ ಅವನು ಅಂಗಡಿ ತೆರೆಯಲಿಲ್ಲ. ಮಗಳಿಗೆ ಫೋನ್ ಹಚ್ಚಿದ, ಹತ್ತಲಿಲ್ಲ. ಕಟ್ಟಡಕ್ಕೆ ಹೋದ, ಹಾಕಿಟ್ಟ ಮೇಜಿನ ಸುತ್ತ ತಿರುಗಿದ, ಹೊಳೆಯುತ್ತಿದ್ದುದನ್ನೇ ಮತ್ತೆ ಒರೆಸಿದ. ಕಾವಲಿನವನು ಹೊರಗೆ ಕಳಿಸಿದ ಮೇಲೆ ಗೇಟಿನ ಆಚೆ ನಿಂತ, ಮನೆಗೆ ಬಂದ, ಮತ್ತೆ ಹೋದ. ಬುಧವಾರ ನಿಲ್ಲುತ್ತದೆಂದು ಗೊತ್ತಾಗಿದ್ದೇ ತಡ, ಎರಡೂ ಸೈನ್ಯಗಳು ಅಷ್ಟರೊಳಗೆ ಒಂದು ಗುಡ್ಡವಾದರೂ ದಕ್ಕಲಿ ಎಂದು ಮೈಮೇಲೆ ಬಂದವರ ಹಾಗೆ ಹೊಡೆದಾಡತೊಡಗಿದ್ದವು. ಟೀವಿಯವನು ಯುದ್ಧ ಶುರುವಾದಾಗಿನಿಂದ ಇಷ್ಟು ಗುಂಡು ಹಾರಿದ ದಿನವೇ ಇಲ್ಲ ಅಂದ. ಮೇಸ್ತ್ರಿ ಟೀವಿ ಆರಿಸಿದ. ಹೆಂಡತಿ ಮತ್ತೆ ಹಾಕಿದಳು. ಮೇಜಿಗಾಗಿ ಜಗಳಾಡಿ ವಾರಗಟ್ಟಲೆ ಕಳೆದವರು ಅವರು, ನನ್ನ ಒಂದು ದಿನ ಏನು ಮಹಾ ಎಂದು ತನಗೆ ತಾನೇ ಹೇಳಿಕೊಂಡ. ಮಾತು ಸರಿಯಾಗಿಯೇ ಇತ್ತು. ಆದರೂ ಆ ವಾರಗಳೆಲ್ಲ ಅವರ ತಲೆಗೆ, ಈ ಮಂಗಳವಾರ ಮಾತ್ರ ನನ್ನ ತಲೆಗೆ ಎಂದು ಒಳಗಿನಿಂದ ಯಾರೋ ಹೇಳುತ್ತಿದ್ದರು. ಹೆಂಡತಿಗೆ ಅವನು ಏನೂ ಹೇಳಲಿಲ್ಲ.

ಬುಧವಾರ ಅವರು ಕೂತರು. ಗುಂಡು ನಿಂತಿತು. ಟೀವಿಯಲ್ಲಿ ಮೇಜು ಕಾಣಿಸಿದ್ದೇ ತಡ ಬೀದಿಗೆ ಬೀದಿಯೇ ಅಂಗಡಿಯ ಮುಂದೆ ನೆರೆಯಿತು. "ಅಂತೂ ನಮ್ಮ ಮೇಸ್ತ್ರಿ ಹೇಳಿದ ದಿನಕ್ಕೇ ಸರಿಯಾಗಿ ಒಂದು ಕೆಲಸ ಕೊಟ್ರಪ್ಪ!" ಎಂದು ಪಕ್ಕದ ದರ್ಜಿ ಅಂದ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಸ್ತ್ರಿ ಒಳಗೆ ಹೋಗಿ ಚಿಲಕ ಹಾಕಿಕೊಂಡ. ಸಂಜೆ ಮಗಳ ಫೋನ್ ಬಂತು. "ಅಪ್ಪ, ಚೆನ್ನಾಗಿದೀನಿ" ಎಂಬಷ್ಟು ಕೇಳಿ ಕಡಿದುಹೋಯಿತು. ಅವನು ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಪಾರಾದೆ ಅಂದುಕೊಂಡ. ಅವಳು ಪಾರಾದಳು ಅಂತಲ್ಲ, ನಾನು ಪಾರಾದೆ ಅಂತ.

ಅವಳು ಬಂದದ್ದು ಒಪ್ಪಂದಕ್ಕೆ ಸಹಿಯಾಗಿ, ಆಸ್ಪತ್ರೆಯನ್ನು ಊರವರಿಗೆ ಒಪ್ಪಿಸಿದ ಮೇಲೆ. ಸೊರಗಿದ್ದಳು, ಆದರೆ ಬಾಯಿ ಮೊದಲಿನದೇ. ಊಟದ ಹೊತ್ತಿಗೆ ಅಲ್ಲಿನ ಕತೆ ಬಿಚ್ಚಿದಳು. ಹೆಚ್ಚಿನವೆಲ್ಲ ನಗುವ ಕತೆಗಳೇ, ಮತ್ತು ಅವುಗಳ ತುಂಬ ಆಸ್ಪತ್ರೆಯ ಗಾಡಿ ಓಡಿಸುತ್ತಿದ್ದ ಒಬ್ಬ ಮನುಷ್ಯ. ದಪ್ಪ ಆಸಾಮಿ. ಅವಳಿಗೆ ಆ ಊರಿನ ಬೈಗುಳವೆಲ್ಲ ಕಲಿಸಿದ್ದು ಅವನೇ, ಅರ್ಥ ಮಾತ್ರ ಬೇರೆ ಬೇರೆ ಹೇಳಿಕೊಟ್ಟಿದ್ದ. ದೊಡ್ಡ ಡಾಕ್ಟರನ್ನು ಇವಳು ವಿನಯದಿಂದ ಕತ್ತೆ ಎಂದು ಕರೆದುಬಿಟ್ಟಿದ್ದಳಂತೆ. ತಾಯಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ಒಂದ್ಸಲ ಇಲ್ಲಿಗೆ ಕರೆಸು ಮಾರಾಯ್ತಿ ಅವರನ್ನ" ಅಂದಳು.

ಮಗಳು ತಟ್ಟೆಯಲ್ಲಿ ಬೆರಳಾಡಿಸಿದಳು. "ಹೋಗ್ಬಿಟ್ರಮ್ಮ. ವಾರ್ಡಿಗೆ ನೀರು ತರೋಕೆ ಅಂತ ಗಾಡಿ ತಗೊಂಡು ಹೋದ್ರು. ಗಾಡಿ ಮೇಲೂ ಗುರುತಿತ್ತು. ಯಾರು ನೋಡ್ತಾರೆ? ಮಂಗಳವಾರ ಮಧ್ಯಾಹ್ನ. ಬುಧವಾರದಿಂದ ಒಂದು ಗುಂಡಿಲ್ಲಮ್ಮ ಆ ಊರಲ್ಲಿ, ಒಂದೇ ಒಂದು ಗುಂಡಿಲ್ಲ."

ಮೇಸ್ತ್ರಿಯ ಕೈ ತುತ್ತಿನ ಮೇಲೇ ನಿಂತಿತು.

"ನನಗೆ ಸಿಟ್ಟು ಬರೋದು ಯಾಕೆ ಗೊತ್ತಾ ಅಪ್ಪ? ಸೋಮವಾರವೇ ಎಲ್ಲ ಒಪ್ಪಿದ್ರಂತೆ. ರೇಡಿಯೋದಲ್ಲಿ ಬಂತು, ನಾವೆಲ್ಲ ವಾರ್ಡಲ್ಲಿ ಕುಣಿದಾಡಿದ್ವಿ. ಅವರೂ ಕುಣಿದ್ರು, ಆ ಹೊಟ್ಟೆ ಇಟ್ಕೊಂಡು. ಆಮೇಲೆ ನೋಡಿದ್ರೆ ಬುಧವಾರ ಅಂದ್ರು. ನಮ್ಮ ಬೀದಿ ಕೊನೇಲೇ ಅಲ್ವಾ ಆ ಕಟ್ಟಡ? ಆ ಒಂದು ದಿನ ಏನು ಮಾಡ್ತಿದ್ರು ಅವರು?"

"ದೊಡ್ಡವರ ವಿಷಯ, ನಮಗೇನು ಗೊತ್ತಾಗುತ್ತೆ" ಅಂದಳು ತಾಯಿ.

ಅವನು ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಧಿಕಾರಿ ಹೆಂಗಸನ್ನು ಬಿಟ್ಟರೆ ಪೂರ್ತಿ ವಿಷಯ ಗೊತ್ತಿದ್ದವರು ಯಾರೂ ಇರಲಿಲ್ಲ, ಆಕೆ ಹೇಳುವವಳಲ್ಲ. ಆದರೆ ತಿಂಗಳುಗಟ್ಟಲೆ ಒಳಗೆ ಹೊರಗೆ ಓಡಾಡಿ ಅವನಿಗೆ ಸಾಕಾಗಿಹೋಗಿತ್ತು.

"ಮೇಜಿಗೆ ಕಾಯ್ತಿದ್ರು" ಅಂದ. "ಯಾವಾಗ ಆಗುತ್ತೆ ಅಂತ ಕೇಳಿದ್ರು. ನಾನು ನಾಳಿದ್ದು ಅಂದೆ."

ಮಗಳು ಪಕ್ಕನೆ ನಕ್ಕಳು. ಅಪ್ಪನ ನಾಳಿದ್ದಿಗೆ ಹುಟ್ಟಿದಾಗಿನಿಂದ ನಕ್ಕವಳು. ತಾಯಿ ನಗಲಿಲ್ಲ. ಅವಳಿಗೆ ಅವನು ಬೀಗ ಹಾಕಿಟ್ಟ ಆ ಮಂಗಳವಾರದ ಅಂಗಡಿ ನೆನಪಾಗಿತ್ತು. ತಾಯಿಯ ಮುಖ ನೋಡಿ, ಆಮೇಲೆ ಅಪ್ಪನ ಮುಖ ನೋಡಿ ಮಗಳ ನಗು ನಿಂತಿತು.

"ನಿಜವಾಗ್ಲೂ ಎಷ್ಟು ಹೊತ್ತಿನ ಕೆಲಸ ಅಪ್ಪ ಅದು?"

"ಸೋಮವಾರ ಮಧ್ಯಾಹ್ನಕ್ಕೇ ಆಗಿತ್ತು."

ಅವಳು ಅರ್ಧ ಉಂಡ ತಟ್ಟೆ ಹಿಡಿದು ಎದ್ದಳು, ತೊಳೆದಳು, ಮಗುಚಿಟ್ಟಳು. ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಅಷ್ಟು ದಿನ ಅಷ್ಟು ಹೆಣಗಳ ನಡುವೆ ಇದ್ದು ಕಲ್ಲಿನ ಹಾಗೆ ಬಂದಿದ್ದವಳು ಈಗ ಅಳುವುದು ಹೊರಗೆ ಕೇಳಿಸಿತು. ಹೆಂಡತಿ ಎದ್ದು ಒಳಗೆ ಹೋದಳು. ಮೇಸ್ತ್ರಿಯೂ ಎದ್ದು ಬಾಗಿಲವರೆಗೆ ಹೋದ. ತಟ್ಟಲು ಕೈ ಎತ್ತಿದ, ತಟ್ಟದೆ ಅಲ್ಲೇ ನಿಂತ.